ವ್ಯವಹಾರಕ್ಕೂ ಪ್ರಯಾಣಕ್ಕೂ ಕ್ಯಾಮೆರಾ: ರೀಲಿನದೋ, ಡಿಜಿಟಲ್ಲೋ?

ಬಸವನಗುಡಿಯ ಗಾಂಧಿ ಬಜಾರ್, ಮಲ್ಲೇಶ್ವರದ ಸಂಪಿಗೆ ರಸ್ತೆ ಮತ್ತು ಚಾಮರಾಜಪೇಟೆಯ ಬೀದಿಗಳಲ್ಲಿ 1990ರ ದಶಕದಲ್ಲಿ ಓಡಾಡಿದವರಿಗೆ ಹಳದಿ ಇಲ್ಲವೆ ಹಸಿರು ಫಲಕದ ಫೋಟೊ ಸ್ಟುಡಿಯೋಗಳು ನೆನಪಿರುತ್ತವೆ. ಬೆಳಿಗ್ಗೆ ರೀಲು ಕೊಟ್ಟರೆ ಸಂಜೆಗೆ ಪ್ರಿಂಟುಗಳ ಲಕೋಟೆಯೂ ಅದರ ಜೇಬಿನಲ್ಲಿ ಕತ್ತರಿಸಿಟ್ಟ ನೆಗೆಟಿವ್ ಪಟ್ಟಿಗಳೂ ಕೈಸೇರುತ್ತಿದ್ದವು. ಮದುವೆ, ಮುಂಜಿ, ನಾಮಕರಣಗಳ ಚಿತ್ರಗಳೊಡನೆ ವರ್ತಕರ ಕೆಲಸವೂ ಇವೇ ಅಂಗಡಿಗಳಲ್ಲಿ ನಡೆಯುತ್ತಿತ್ತು: ಹೊರ ಊರಿನ ಗಿರಾಕಿಗೆ ಕಳುಹಿಸಬೇಕಾದ ಸೀರೆಯ ಚಿತ್ರ, ಮಳೆಯಲ್ಲಿ ನೆಂದ ಮೂಟೆಗಳ ಚಿತ್ರ, ಹೊಸದಾಗಿ ಕೂರಿಸಿದ ಯಂತ್ರದ ಚಿತ್ರ. ನೆಗೆಟಿವ್ ಜೋಪಾನವಾಗಿದ್ದರೆ ಹತ್ತು ವರ್ಷ ಕಳೆದ ಮೇಲೂ ಮತ್ತೊಂದು ಪ್ರತಿ ತೆಗೆಸಬಹುದಾಗಿತ್ತು.

ಆ ಸ್ಟುಡಿಯೋಗಳಲ್ಲಿ ಹಲವು ಇಂದು ಮುಚ್ಚಿವೆ. ಉಳಿದವು ಪಾಸ್‌ಪೋರ್ಟ್ ಅಳತೆಯ ಚಿತ್ರ ಮತ್ತು ಆಲ್ಬಂ ಮುದ್ರಣವನ್ನು ನೆಚ್ಚಿಕೊಂಡಿವೆ. ರೀಲೋ ಡಿಜಿಟಲ್ಲೋ ಎಂಬ ಪ್ರಶ್ನೆ ಮುಗಿದ ಅಧ್ಯಾಯವೆಂದು ಬಹುಮಂದಿ ಭಾವಿಸಿದ್ದರು. ಆದರೆ 2022ರಲ್ಲಿ ಲೈಕಾ ಸಂಸ್ಥೆ ತನ್ನ ಹಳೆಯ ಎಂ6 ಮಾದರಿಯನ್ನು ಮರಳಿ ತಯಾರಿಸಿತು. 2024ರಲ್ಲಿ ಪೆಂಟಾಕ್ಸ್ 17 ಎಂಬ ಹೊಚ್ಚ ಹೊಸ ರೀಲಿನ ಕ್ಯಾಮೆರಾ ಮಾರುಕಟ್ಟೆಗೆ ಬಂದಿತು. ಅಪ್ಪನ ಕಾಲದ ಯಾಷಿಕಾವನ್ನು ಬೀರುವಿನಿಂದ ಹೊರತೆಗೆದು, ಅಂಗಡಿಯ ಕೆಲಸಕ್ಕೂ ಇದನ್ನೇ ಬಳಸಬಾರದೇಕೆ ಎಂದು ಕೇಳುವ ಮಕ್ಕಳು ಈಗ ಅನೇಕ ವರ್ತಕರ ಮನೆಗಳಲ್ಲಿದ್ದಾರೆ. ಇನ್ನೊಂದು ಕಡೆ, ಕೈಯಲ್ಲಿ ಮೊಬೈಲ್ ಇರುವಾಗ ಕ್ಯಾಮೆರಾವೇ ಏಕೆ ಎಂಬ ಪ್ರಶ್ನೆಯೂ ಇದೆ. ಅದೂ ನ್ಯಾಯವಾದದ್ದೇ. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ ಜಗತ್ತಿಗೆ ರವಾನೆಯಾದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು. 2023ರಲ್ಲಿ ಅವು 80 ಲಕ್ಷಕ್ಕೂ ಕಡಿಮೆ. ರೀಲಿನ ಅಂಗಡಿಯನ್ನು ಡಿಜಿಟಲ್ ನುಂಗಿದಂತೆ ಸಣ್ಣ ಡಿಜಿಟಲ್ ಕ್ಯಾಮೆರಾವನ್ನು ಮೊಬೈಲ್ ನುಂಗಿತು.

ವ್ಯಾಪಾರಸ್ಥರ ಮಟ್ಟಿಗೆ ಈ ಆಯ್ಕೆಯನ್ನು ಚಿತ್ರದ ಅಂದದ ಮೇಲೆ ನಿರ್ಧರಿಸುವುದು ಸರಿಯಲ್ಲ. ಚಿತ್ರವನ್ನು ಯಾರು ನೋಡುತ್ತಾರೆ, ಎಷ್ಟು ವರ್ಷಗಳ ನಂತರ ಕೇಳುತ್ತಾರೆ, ಆಗ ಅದರ ಮೂಲಪ್ರತಿ ಎಲ್ಲಿರುತ್ತದೆ ಎಂಬುದನ್ನು ಮೊದಲು ವಿಚಾರಿಸಬೇಕು.

ಬದಲಾವಣೆ ನಡೆದ ಬಗೆ

ಮೊದಲ ಡಿಜಿಟಲ್ ಕ್ಯಾಮೆರಾ ಹುಟ್ಟಿದ್ದು ರೀಲು ತಯಾರಕರ ಮನೆಯಲ್ಲೇ. 1975ರಲ್ಲಿ ಕೊಡಾಕ್ ಸಂಸ್ಥೆಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಸಿದ್ಧಪಡಿಸಿದ ಆ ಯಂತ್ರ ಸುಮಾರು 3.6 ಕಿಲೋ ತೂಗುತ್ತಿತ್ತು. ಹತ್ತು ಸಾವಿರ ಬಿಂದುಗಳ ಒಂದು ಕಪ್ಪು ಬಿಳುಪು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಇಳಿಸಲು 23 ಸೆಕೆಂಡು ಹಿಡಿಯುತ್ತಿತ್ತು. ಅದೇ ಕೊಡಾಕ್ 2012ರ ಜನವರಿಯಲ್ಲಿ ದಿವಾಳಿ ರಕ್ಷಣೆ ಕೋರಿ ಅಮೆರಿಕದ ನ್ಯಾಯಾಲಯದ ಮೆಟ್ಟಿಲೇರಿತು.

ನಮ್ಮ ನೆರೆಯಲ್ಲಿಯೂ ಇಂತಹ ಕಥೆಗಳಿವೆ. ಊಟಿಯಲ್ಲಿ ಕೇಂದ್ರ ಸರ್ಕಾರ 1960ರಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ‘ಇಂದು’ ಹೆಸರಿನ ಫಿಲ್ಮು, ಕಾಗದಗಳನ್ನು ತಯಾರಿಸುತ್ತಿತ್ತು. ಆ ಕಾರ್ಖಾನೆ ಈಗಿಲ್ಲ. ಬಡೋದೆಯಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3 ಒಂದು ಕಾಲದಲ್ಲಿ ಮಧ್ಯಮ ವರ್ಗದ ಮನೆಗಳ ಮೊದಲ ಕ್ಯಾಮೆರಾ ಆಗಿತ್ತು. ಬೆಂಗಳೂರಿನಲ್ಲಿ 1910ರಲ್ಲಿ ಆರಂಭವಾದ ಜಿ.ಕೆ. ವೇಲ್ ಸ್ಟುಡಿಯೋದಂತಹ ಹಳೆಯ ಸಂಸ್ಥೆ ಗಾಜಿನ ಫಲಕದ ಕಾಲದಿಂದ ಡಿಜಿಟಲ್ ಕಾಲದವರೆಗೆ ಬಂದದ್ದು ಅಪರೂಪದ ಉದಾಹರಣೆ.

ವೃತ್ತಿಯವರ ಮಟ್ಟಿಗೆ ತಿರುವು ಬಂದದ್ದು 2003–04ರಲ್ಲಿ. ಕ್ಯಾನನ್ ಇಒಎಸ್ 300ಡಿ, ಮರುವರ್ಷ ನಿಕಾನ್ ಡಿ70 ಬಂದಾಗ ಲೆನ್ಸ್ ಬದಲಿಸಬಹುದಾದ ಡಿಜಿಟಲ್ ಕ್ಯಾಮೆರಾ ಮೊದಲ ಬಾರಿಗೆ ಸಾಧಾರಣ ಸ್ಟುಡಿಯೋದ ಕೈಗೆಟುಕಿತು. ಡಿ70 ಕೊಡುತ್ತಿದ್ದ ಚಿತ್ರ ಅಡ್ಡಕ್ಕೆ 3008, ಉದ್ದಕ್ಕೆ 2000 ಬಿಂದುಗಳದ್ದು. ಮುದ್ರಣಾಲಯದವರು ಕೇಳುವ ಅಂಗುಲಕ್ಕೆ 300 ಬಿಂದುಗಳ ಲೆಕ್ಕದಲ್ಲಿ ಇದು ಸುಮಾರು 10 ಅಂಗುಲ ಅಗಲದ ಚಿತ್ರ. ಕ್ಯಾಟಲಾಗಿನ ಒಂದು ಪುಟಕ್ಕೆ ಅಷ್ಟು ಧಾರಾಳ. ಅದುವರೆಗೆ ಬಣ್ಣದ ಕ್ಯಾಟಲಾಗ್ ಮಾಡಿಸಲು ಬಂದವರನ್ನು ಮುದ್ರಕರು ಸ್ಲೈಡ್ ತನ್ನಿ ಎಂದು ಕೇಳುತ್ತಿದ್ದರು. ಕೆಲವೇ ವರ್ಷಗಳಲ್ಲಿ ಸಿ.ಡಿ. ತನ್ನಿ ಎನ್ನತೊಡಗಿದರು. 2006ರ ಜನವರಿಯಲ್ಲಿ ನಿಕಾನ್ ತನ್ನ ಬಹುತೇಕ ರೀಲಿನ ಕ್ಯಾಮೆರಾಗಳನ್ನು ಕೈಬಿಡುವುದಾಗಿ ಹೇಳಿತು. ಕೋನಿಕಾ ಮಿನೋಲ್ಟಾ ಕ್ಯಾಮೆರಾ, ಫಿಲ್ಮ್ ಎರಡೂ ವ್ಯವಹಾರಗಳಿಂದಲೇ ಹೊರನಡೆಯಿತು. ಇಂದು ಇಪ್ಪತ್ತು ಮೆಗಾಪಿಕ್ಸೆಲ್ಲಿಗಿಂತ ಕಡಿಮೆಯ ಹೊಸ ಕ್ಯಾಮೆರಾ ಸಿಗುವುದು ವಿರಳ. ಆದುದರಿಂದ ಮೆಗಾಪಿಕ್ಸೆಲ್ ಸಂಖ್ಯೆಯನ್ನು ಹಿಡಿದು ಚೌಕಾಸಿ ಮಾಡುವುದರಲ್ಲಿ ಅರ್ಥವಿಲ್ಲ.

ಖರ್ಚಿನ ಲೆಕ್ಕ

ರೀಲಿನ ಕ್ಯಾಮೆರಾ ಅಗ್ಗ, ಚಿತ್ರ ದುಬಾರಿ. ಡಿಜಿಟಲ್ಲಿನಲ್ಲಿ ಇದು ತಿರುವುಮುರುವು. ರೀಲಿನ ಬೆಲೆ, ತೊಳೆಸುವ ಖರ್ಚು, ಸ್ಕ್ಯಾನ್ ಮಾಡಿಸುವ ಖರ್ಚು, ಹೋಗಿಬರುವ ಇಲ್ಲವೆ ಕೊರಿಯರ್ ವೆಚ್ಚ ಎಲ್ಲವನ್ನೂ ಕೂಡಿಸಿ 36ರಿಂದ ಭಾಗಿಸಿದರೆ ಒಂದು ಚಿತ್ರದ ದರ ಸಿಗುತ್ತದೆ. ಲೆಕ್ಕದ ಅನುಕೂಲಕ್ಕೆ ಒಟ್ಟು 1,800 ರೂಪಾಯಿ ಎಂದು ಹಿಡಿದರೆ ಚಿತ್ರವೊಂದಕ್ಕೆ 50 ರೂಪಾಯಿ. 60,000 ರೂಪಾಯಿಯ ಡಿಜಿಟಲ್ ಕ್ಯಾಮೆರಾ ಈ ದರದಲ್ಲಿ 1,200 ಚಿತ್ರಗಳಿಗೆ ಸಮ. ದಿನಕ್ಕೆ 40 ಸೀರೆಗಳನ್ನು ತಲಾ ಮೂರು ಚಿತ್ರಗಳಂತೆ ತೆಗೆಯುವ ಚಿಕ್ಕಪೇಟೆಯ ಮಳಿಗೆಗೆ ಅದು ಹತ್ತು ದಿನಗಳ ಕೆಲಸ. ವರ್ಷಕ್ಕೊಮ್ಮೆ ಕಾರ್ಖಾನೆಯ ಹತ್ತಿಪ್ಪತ್ತು ಚಿತ್ರ ತೆಗೆಯುವವರಿಗೆ ಅದೇ 1,200 ಚಿತ್ರ ಆಯುಷ್ಯವಿಡೀ ಮುಗಿಯದು. ಅಂಥವರು ಕ್ಯಾಮೆರಾ ಕೊಳ್ಳುವ ಬದಲು ವೃತ್ತಿಪರ ಛಾಯಾಗ್ರಾಹಕರನ್ನು ಒಂದು ದಿನಕ್ಕೆ ಕರೆಸುವುದೇ ಲೇಸು.

ಲೆಕ್ಕಪತ್ರದ ದೃಷ್ಟಿಯಲ್ಲಿ ರೀಲು ಮತ್ತು ತೊಳೆಸುವ ವೆಚ್ಚ ಅದೇ ವರ್ಷದ ಖರ್ಚು. ಕ್ಯಾಮೆರಾ ಬಂಡವಾಳ ಆಸ್ತಿ, ಅದಕ್ಕೆ ವರ್ಷವರ್ಷವೂ ಸವಕಳಿ ಹಾಕಬೇಕು. ಡಿಜಿಟಲ್ ಕ್ಯಾಮೆರಾದ ಮೇಲಿನ ಜಿ.ಎಸ್.ಟಿ. ದರ 2019ರ ಜನವರಿ 1ರಿಂದ ಶೇ 28ರಿಂದ ಶೇ 18ಕ್ಕೆ ಇಳಿಯಿತು. ವ್ಯವಹಾರಕ್ಕೆಂದು ಕೊಂಡಿದ್ದರೆ ನೋಂದಾಯಿತ ವರ್ತಕರು ಈ ತೆರಿಗೆಯನ್ನು ಹೂಡುವಳಿ ತೆರಿಗೆಯಾಗಿ ಜಮಾ ಪಡೆಯಬಹುದು. ಆದರೆ ಆ ತೆರಿಗೆಯ ಮೊತ್ತವನ್ನು ಕ್ಯಾಮೆರಾದ ಬೆಲೆಗೆ ಸೇರಿಸಿ ಸವಕಳಿ ಹಾಕಿದರೆ ಜಮಾ ಸಿಗದು. ರಾಜಿ ತೆರಿಗೆ ಯೋಜನೆಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ. ಬಿಲ್ಲಿಲ್ಲದೆ ಸ್ವಲ್ಪ ಅಗ್ಗಕ್ಕೆ ಸಿಗುವ ಮಾಲನ್ನು ಕೊಂಡವರು ತೆರಿಗೆಯ ಜಮಾ, ತಯಾರಕರ ವಾರಂಟಿ ಎರಡನ್ನೂ ಕಳೆದುಕೊಳ್ಳುತ್ತಾರೆ. ಉಳಿತಾಯವೆಂದುಕೊಂಡದ್ದು ಅಲ್ಲಿಗೇ ಕರಗಿಹೋಗುತ್ತದೆ.

ಸೀರೆ, ಜರಿ ಮತ್ತು ಬಣ್ಣದ ಜಗಳ

ಹಳೆಯ ಬೆಂಗಳೂರಿನ ವ್ಯಾಪಾರದಲ್ಲಿ ಕ್ಯಾಮೆರಾಕ್ಕೆ ಅತ್ಯಂತ ಕಠಿಣ ಪರೀಕ್ಷೆ ರೇಷ್ಮೆ ಸೀರೆಯದು. ಚಿತ್ರದಲ್ಲಿ ನೋಡಿ ಮೆಚ್ಚಿದ ಬಣ್ಣವೇ ಬೇರೆ, ಬಂದ ಬಣ್ಣವೇ ಬೇರೆ ಎಂದು ಮಾಲು ವಾಪಸಾಗುವುದು ಈ ವ್ಯಾಪಾರದ ನಿತ್ಯದ ತಲೆನೋವು. ಇದರಲ್ಲಿ ಕ್ಯಾಮೆರಾದ ತಪ್ಪಿಗಿಂತ ಬೆಳಕಿನ ತಪ್ಪೇ ಹೆಚ್ಚು.

ಸಾಮಾನ್ಯ ಬಣ್ಣದ ರೀಲು ಹಗಲಿನ ಬೆಳಕಿಗೆಂದು ತಯಾರಾದದ್ದು. ಟ್ಯೂಬ್‌ಲೈಟಿನಡಿ ತೆಗೆದರೆ ಇಡೀ ಚಿತ್ರಕ್ಕೆ ಹಸಿರು ಛಾಯೆ ಬರುತ್ತದೆ. ಅದನ್ನು ತಡೆಯಲು ಲೆನ್ಸಿನ ಮುಂದೆ ನಸುಗೆಂಪು ಫಿಲ್ಟರ್ ಹಾಕಬೇಕಾಗುತ್ತಿತ್ತು. ಡಿಜಿಟಲ್ಲಿನಲ್ಲಿ ಈ ತೊಂದರೆ ಬಹುಮಟ್ಟಿಗೆ ನಿವಾರಣೆಯಾಗಿದೆ: ಸೀರೆಯ ಪಕ್ಕದಲ್ಲಿ ಬೂದು ಬಣ್ಣದ ಕಾರ್ಡೊಂದನ್ನು ಇಟ್ಟು ವೈಟ್ ಬ್ಯಾಲೆನ್ಸ್ ಹೊಂದಿಸಿದರೆ ಸಾಕು. ಆದರೆ ಇಂದಿನ ಅಂಗಡಿಗಳ ಅಗ್ಗದ ಎಲ್‌ಇಡಿ ದೀಪಗಳಲ್ಲಿ ಕಡುಗೆಂಪು ಭಾಗದ ಬೆಳಕೇ ಕಡಿಮೆ. ದೀಪದಲ್ಲಿ ಇಲ್ಲದ ಬಣ್ಣವನ್ನು ಯಾವ ಕ್ಯಾಮೆರಾವೂ ಹುಟ್ಟಿಸಲಾರದು. ಕುಂಕುಮದ ಕೆಂಪು ಇಟ್ಟಿಗೆಯ ಕೆಂಪಾಗಿ ಕಾಣುವುದು ಇದರಿಂದಲೇ. ದೀಪ ಕೊಳ್ಳುವಾಗ ಡಬ್ಬಿಯ ಮೇಲೆ ಬರೆದಿರುವ ಸಿ.ಆರ್.ಐ. ಅಂಕ 90ಕ್ಕಿಂತ ಹೆಚ್ಚಿದೆಯೇ ಎಂದು ನೋಡುವುದು ಹೊಸ ಲೆನ್ಸ್ ಕೊಳ್ಳುವುದಕ್ಕಿಂತ ಹೆಚ್ಚಿನ ಫಲ ಕೊಡುತ್ತದೆ. ಅದಕ್ಕೂ ಅಗ್ಗದ ಉಪಾಯ, ಬೆಳಿಗ್ಗೆ ಹತ್ತರ ಹೊತ್ತಿಗೆ ನೆರಳಿರುವ ಜಗಲಿ.

ರೀಲಿಗೆ ಇನ್ನೊಂದು ವಿಚಿತ್ರ ದೋಷವಿತ್ತು. ಕೆಲವು ಬಣ್ಣಗಳು ಕಣ್ಣಿಗೆ ಅಷ್ಟಾಗಿ ಕಾಣದ ಕಡುಗೆಂಪಿನಾಚೆಯ ಬೆಳಕನ್ನು ಬಹಳವಾಗಿ ಹಿಮ್ಮರಳಿಸುತ್ತವೆ. ರೀಲಿನ ಕೆಂಪು ಪದರ ಅದನ್ನು ಗ್ರಹಿಸುವುದರಿಂದ ಕಡುಹಸಿರು ಬಟ್ಟೆ ಕಂದಾಗಿಯೂ ನೀಲಿ ಹೂವು ನಸುಗೆಂಪಾಗಿಯೂ ಬರುತ್ತಿದ್ದವು. ಡಿಜಿಟಲ್ ಸೆನ್ಸರಿನ ಮುಂದೆ ಆ ಬೆಳಕನ್ನು ತಡೆಯುವ ಗಾಜು ಇರುವುದರಿಂದ ಈ ದೋಷ ಬಹಳ ಕಡಿಮೆ. ಹೀಗಿದ್ದರೂ ಬದನೆಕಾಯಿ ಬಣ್ಣದಂತಹ ನೇರಳೆಗಳು ಒಂದೊಂದು ಕ್ಯಾಮೆರಾದಲ್ಲಿ ಒಂದೊಂದು ರೀತಿ ಬರುತ್ತವೆ. ಕೊಳ್ಳುವ ಮೊದಲು ಅಂಥದೊಂದು ಸೀರೆಯನ್ನು ಕ್ಯಾಮೆರಾ ಅಂಗಡಿಗೇ ಒಯ್ದು ಪರೀಕ್ಷಿಸುವುದರಲ್ಲಿ ಸಂಕೋಚಪಡಬೇಕಾಗಿಲ್ಲ.

ಡಿಜಿಟಲ್ ಸೋಲುವ ಜಾಗವೂ ಬಟ್ಟೆಯೇ. ಸಣ್ಣ ಚೌಕುಳಿ ಅಥವಾ ನಯವಾದ ನೇಯ್ಗೆಯ ಚಿತ್ರದಲ್ಲಿ ಕೆಲವೊಮ್ಮೆ ಬಟ್ಟೆಯಲ್ಲಿ ಇಲ್ಲದ ಅಲೆಯಂತಹ ಪಟ್ಟೆಗಳು, ಕಾಮನಬಿಲ್ಲಿನ ಛಾಯೆಗಳು ಮೂಡುತ್ತವೆ. ಇದನ್ನು ಮ್ವಾರೆ ಎನ್ನುತ್ತಾರೆ. ಸೆನ್ಸರಿನ ಬಿಂದುಗಳು ಸಾಲಾಗಿ ಜೋಡಿಸಿದವು. ಬಟ್ಟೆಯ ಎಳೆಗಳೂ ಹಾಗೆಯೇ. ಎರಡು ಜಾಲರಿಗಳನ್ನು ಒಂದರ ಮೇಲೊಂದು ಇಟ್ಟಾಗ ಮೂರನೆಯದೊಂದು ವಿನ್ಯಾಸ ಕಾಣಿಸುವಂತೆ ಇಲ್ಲಿಯೂ ಆಗುತ್ತದೆ. ರೀಲಿನ ಬೆಳ್ಳಿಯ ಕಣಗಳು ಅಡ್ಡಾದಿಡ್ಡಿಯಾಗಿ ಹರಡಿರುವುದರಿಂದ ಅದರಲ್ಲಿ ಈ ಕಾಟವಿಲ್ಲ. ಮ್ವಾರೆ ಎಂಬ ಪದವೇ ಅಲೆಯಲೆಯಾಗಿ ಹೊಳೆಯುವ ಒಂದು ಬಗೆಯ ರೇಷ್ಮೆಯ ಫ್ರೆಂಚ್ ಹೆಸರಿನಿಂದ ಬಂದದ್ದೆಂಬುದು ಜವಳಿ ವರ್ತಕರಿಗೆ ಸ್ವಾರಸ್ಯವಾಗಬಹುದು. ಪರಿಹಾರಕ್ಕೆ ಒಂದು ಹೆಜ್ಜೆ ಹಿಂದೆ ಇಲ್ಲವೆ ಮುಂದೆ ಸರಿಯಬೇಕು, ಅಥವಾ ಸೀರೆಯನ್ನು ತುಸು ಓರೆಯಾಗಿ ಇಡಬೇಕು. ಸೆನ್ಸರಿನ ಮುಂದೆ ಮ್ವಾರೆ ತಡೆಯುವ ಫಿಲ್ಟರ್ ಇರುವ ಕ್ಯಾಮೆರಾ ಆಯ್ದರೆ ಇನ್ನೂ ಅನುಕೂಲ. ಈಚಿನ ಅನೇಕ ಮಾದರಿಗಳಲ್ಲಿ ಅದನ್ನು ಕೈಬಿಟ್ಟಿದ್ದಾರೆ.

ಜರಿಯ ಹೊಳಪೂ ಹಾಗೆಯೇ ಎಚ್ಚರ ಬೇಡುತ್ತದೆ. ನೆಗೆಟಿವ್ ರೀಲು ಹೆಚ್ಚು ಬೆಳಕನ್ನು ತಾಳಿಕೊಳ್ಳುತ್ತದೆ. ಡಿಜಿಟಲ್ಲಿನಲ್ಲಿ ಬೆಳಕು ಮಿತಿ ಮೀರಿದ ಜಾಗ ಬರಿಯ ಬಿಳಿಯಾಗುತ್ತದೆ, ಅಲ್ಲಿನ ಕುಸುರಿ ಮತ್ತೆ ಸಿಗುವುದಿಲ್ಲ. ಆದ್ದರಿಂದ ಸ್ವಲ್ಪ ಕಪ್ಪಾಗಿ ತೆಗೆದು ಕಂಪ್ಯೂಟರಿನಲ್ಲಿ ತಿಳಿಗೊಳಿಸುವುದು ಕ್ಷೇಮ. ಮೊಬೈಲ್ ಈ ತೀರ್ಮಾನವನ್ನು ತಾನೇ ಮಾಡಿಬಿಡುತ್ತದೆ. ನೋಡಲು ಚೆಂದವಾಗಲೆಂದು ಅನೇಕ ಮೊಬೈಲ್‌ಗಳು ಬಣ್ಣವನ್ನು ಏರಿಸಿ ತೋರಿಸುತ್ತವೆ. ಕುಟುಂಬದ ಚಿತ್ರಕ್ಕೆ ಅದು ಗುಣ, ಮಾರಾಟದ ಚಿತ್ರಕ್ಕೆ ಅದೇ ಜಗಳದ ಮೂಲ.

ಚಿತ್ರವೇ ಸಾಕ್ಷಿಯಾಗುವಾಗ

ಮೈಸೂರು ರಸ್ತೆಯ ಅಗರಬತ್ತಿ ತಯಾರಕರೊಬ್ಬರ ಸರಕು ಲಾರಿಯಲ್ಲಿ ನೆಂದು ಬಂದಿದೆ ಎಂದು ಭಾವಿಸಬಹುದು. ಅತ್ತ ಮಾಲು ಇಳಿಸಿಕೊಂಡವರು ಮೊಬೈಲಿನಲ್ಲಿ ನಾಲ್ಕು ಚಿತ್ರ ತೆಗೆದು ವಾಟ್ಸಾಪಿನಲ್ಲಿ ಕಳುಹಿಸುತ್ತಾರೆ. ವಿಮೆ, ಸಾಗಣೆದಾರ, ಖರೀದಿದಾರರ ನಡುವೆ ವ್ಯಾಜ್ಯ ಎರಡು ಮೂರು ವರ್ಷ ಎಳೆಯುತ್ತದೆ. ಅಷ್ಟರಲ್ಲಿ ಚಿತ್ರ ತೆಗೆದ ಮೊಬೈಲ್ ಬದಲಾಗಿರುತ್ತದೆ. ಉಳಿದಿರುವುದು ವಾಟ್ಸಾಪಿನ ಪ್ರತಿ ಮಾತ್ರ. ಅದರಲ್ಲಿ ಚಿತ್ರ ಕುಗ್ಗಿರುತ್ತದೆ, ತೆಗೆದ ದಿನ ಮತ್ತು ಹೊತ್ತಿನ ಒಳಗುರುತು ಅಳಿಸಿಹೋಗಿರುತ್ತದೆ. ನಷ್ಟ ನಿಜವಾಗಿದ್ದರೂ ರುಜುವಾತು ದುರ್ಬಲವಾಗುತ್ತದೆ.

ರೀಲಿನ ಕಾಲದಲ್ಲಿ ಇಂತಹ ಸಂದರ್ಭದಲ್ಲಿ ನ್ಯಾಯಾಲಯಗಳು ಪ್ರಿಂಟಿನ ಜೊತೆಗೆ ನೆಗೆಟಿವನ್ನೂ ಚಿತ್ರ ತೆಗೆದವರ ಹೇಳಿಕೆಯನ್ನೂ ಕೇಳುತ್ತಿದ್ದವು. ನೆಗೆಟಿವ್ ಕೈಯಲ್ಲಿ ಹಿಡಿಯಬಹುದಾದ ಮೂಲ. ವಿದ್ಯುನ್ಮಾನ ದಾಖಲೆಗಳಿಗಾಗಿ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಮೂಲಕ ಸಾಕ್ಷ್ಯ ಕಾಯ್ದೆಗೆ 65ಬಿ ಎಂಬ ಕಲಮು ಸೇರಿತು. ಅದರಡಿ ಪ್ರಮಾಣಪತ್ರವಿಲ್ಲದ ಪ್ರತಿ ಸಾಕ್ಷ್ಯವಾಗದೆಂದು ಸುಪ್ರೀಂ ಕೋರ್ಟು 2014ರಲ್ಲಿ ಅನ್ವರ್ ಪ್ರಕರಣದಲ್ಲಿ ಹೇಳಿತು. 2020ರಲ್ಲಿ ಅರ್ಜುನ್ ಪಂಡಿತರಾವ್ ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿದು, ಮೂಲ ಸಾಧನವನ್ನೇ ಅದರ ಒಡೆಯರು ಹಾಜರುಪಡಿಸಿ ಸಾಕ್ಷ್ಯ ನುಡಿದರೆ ಪ್ರಮಾಣಪತ್ರ ಬೇಕಿಲ್ಲವೆಂದು ಸ್ಪಷ್ಟಪಡಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಈ ವಿಷಯ 63ನೆಯ ಕಲಮಿನಲ್ಲಿದೆ. ಪ್ರಮಾಣಪತ್ರದ ನಮೂನೆಯನ್ನು ಅನುಸೂಚಿಯಲ್ಲಿ ಕೊಡಲಾಗಿದ್ದು, ಒಂದು ಭಾಗವನ್ನು ದಾಖಲೆ ಒದಗಿಸುವವರೂ ಇನ್ನೊಂದನ್ನು ತಜ್ಞರೂ ತುಂಬಬೇಕು. ಕಡತದ ಹ್ಯಾಷ್ ಮೌಲ್ಯವನ್ನು, ಅಂದರೆ ಕಡತ ಒಂದಕ್ಷರ ಬದಲಾದರೂ ಬೇರೆಯಾಗುವ ಅದರ ಬೆರಳಚ್ಚಿನಂತಹ ಸಂಖ್ಯೆಯನ್ನು, ಅದರಲ್ಲಿ ನಮೂದಿಸಬೇಕು.

ಇದರಿಂದ ರೀಲೇ ಮೇಲೆಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ. ನೆಂದ ಸರಕಿನ ಮುಂದೆ ನಿಂತವರಿಗೆ ರೀಲು ಹುಡುಕಿ, ತೊಳೆಸಿ, ಎರಡು ದಿನದ ನಂತರ ಚಿತ್ರ ಬಂದಿಲ್ಲವೆಂದು ಅರಿಯುವ ವ್ಯವಧಾನವಿಲ್ಲ. ಡಿಜಿಟಲ್ ಕ್ಯಾಮೆರಾದ ದಿನಾಂಕ, ಗಡಿಯಾರ ಸರಿಯಿರಬೇಕು. ಕಾರ್ಡಿನಿಂದ ಇಳಿಸಿದ ಕಡತವನ್ನು ತಿದ್ದದೆ ಬೇರೆ ಇಡಬೇಕು. ತಿದ್ದುವುದಿದ್ದರೆ ಅದರ ಪ್ರತಿಯನ್ನು ಮಾತ್ರ. ವಾಟ್ಸಾಪಿನಲ್ಲಿ ಕಳುಹಿಸುವಾಗ ಚಿತ್ರವಾಗಿ ಕಳುಹಿಸದೆ ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಮೂಲ ಕಡತವೇ ಹೋಗುತ್ತದೆ. ಮೊಬೈಲನ್ನು ಮಾರುವ ಮೊದಲು, ಅದರಲ್ಲಿ ವ್ಯಾಜ್ಯದ ಚಿತ್ರಗಳಿದ್ದರೆ ವಕೀಲರನ್ನು ಒಂದು ಮಾತು ಕೇಳುವುದು ಒಳ್ಳೆಯದು. ಜಿ.ಎಸ್.ಟಿ. ಕಾಯ್ದೆಯ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪಟ್ಟಿಯ ಗಡುವಿನಿಂದ 72 ತಿಂಗಳು ಕಾಪಾಡಬೇಕು. ಹಾಳಾದ ದಾಸ್ತಾನಿನ ಚಿತ್ರಗಳನ್ನೂ ಕಡೇಪಕ್ಷ ಅಷ್ಟು ಕಾಲ ಅವುಗಳ ಜೊತೆಗೇ ಇಡುವುದು ವಿವೇಕ.

ಪ್ರಯಾಣದಲ್ಲಿ

ರಾಮನಗರದ ಗೂಡಿನ ಮಾರುಕಟ್ಟೆಗೋ ಧರ್ಮಾವರಕ್ಕೋ ಹೋಗಿಬರುವವರಿಗೆ ಮೊಬೈಲ್ ಸಾಕು. ಹೊರದೇಶದ ವಾಣಿಜ್ಯ ಮೇಳಗಳಿಗೆ ಹೋಗುವವರ ಮಾತು ಬೇರೆ. ರೀಲಿನ ಮೊದಲ ಶತ್ರು ವಿಮಾನ ನಿಲ್ದಾಣದ ಎಕ್ಸ್-ರೇ. ಕಾರ್ಗೊ ಒಳಗೆ ಹೋಗುವ ಸಾಮಾನಿನಲ್ಲಿ ತೊಳೆಸದ ರೀಲನ್ನು ಎಂದೂ ಇಡಬಾರದು. ಕೈಚೀಲದ ಹಳೆಯ ಯಂತ್ರಗಳಲ್ಲಿ 400ರವರೆಗಿನ ವೇಗದ ರೀಲು ನಾಲ್ಕಾರು ಬಾರಿ ಹಾಯ್ದರೂ ಉಳಿದೀತು. ಆದರೆ ಈಗ ಹಲವು ನಿಲ್ದಾಣಗಳಿಗೆ ಬರುತ್ತಿರುವ ಸಿ.ಟಿ. ಸ್ಕ್ಯಾನರು ಒಂದೇ ಬಾರಿಗೆ ರೀಲನ್ನು ಮಂಜಾಗಿಸಬಲ್ಲದು. ಕೈಯಿಂದ ಪರೀಕ್ಷಿಸಿರೆಂದು ಕೋರಬಹುದು, ಒಪ್ಪುವುದು ಬಿಡುವುದು ಸಿಬ್ಬಂದಿಗೆ ಸೇರಿದ್ದು. ಡಿಜಿಟಲ್ ಕಾರ್ಡಿಗೆ ಈ ಭಯವಿಲ್ಲ. ಅದರ ತೊಡಕು ಬ್ಯಾಟರಿ: ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು. ಕ್ಯಾಮೆರಾದ ಬ್ಯಾಟರಿಗಳು 100 ವ್ಯಾಟ್-ಅವರ್ ಮಿತಿಗಿಂತ ಬಹಳ ಕೆಳಗಿರುವುದರಿಂದ ಆತಂಕಪಡಬೇಕಾದ್ದಿಲ್ಲ. ಬೆಲೆಬಾಳುವ ಕ್ಯಾಮೆರಾ ಒಯ್ಯುವವರು ಹೊರಡುವಾಗಲೇ ಸುಂಕ ಅಧಿಕಾರಿಗಳಿಂದ ರಫ್ತು ಪ್ರಮಾಣಪತ್ರ ಪಡೆದರೆ ಮರಳುವಾಗ ಇದು ಅಲ್ಲಿ ಕೊಂಡದ್ದೇ ಎಂಬ ಪ್ರಶ್ನೆ ಏಳದು.

ಕಾರ್ಖಾನೆಗಳಿಗೆ ಹೋಗುವವರು ದೂಳನ್ನೂ ನೆನೆಯಬೇಕು. ಇದ್ದಿಲ ಪುಡಿ ಹಾರುವ ಅಗರಬತ್ತಿ ಕೊಠಡಿಯಲ್ಲಿ ಲೆನ್ಸ್ ಬದಲಿಸಿದರೆ ಸೆನ್ಸರಿನ ಮೇಲೆ ಕೂತ ಕಣ ಅಂದಿನಿಂದ ಪ್ರತಿ ಚಿತ್ರದಲ್ಲೂ ಚುಕ್ಕೆಯಾಗಿ ಕಾಣುತ್ತದೆ. ರೀಲಿನಲ್ಲಿ ಪ್ರತಿ ಚಿತ್ರಕ್ಕೂ ಹೊಸ ಮೈ ಸರಿದು ಬರುವುದರಿಂದ ಅದು ಅಲ್ಲಿಗೇ ಮುಗಿಯುತ್ತಿತ್ತು. ಇಂಥ ಕೆಲಸಕ್ಕೆ ಲೆನ್ಸ್ ಬಿಚ್ಚಲಾಗದ ಕ್ಯಾಮೆರಾವೇ ವಾಸಿ.

ಹಳೆಯ ನೆಗೆಟಿವ್‌ಗಳು

ರೀಲಿನ ಕ್ಯಾಮೆರಾವನ್ನು ಇಂದು ಹವ್ಯಾಸಕ್ಕಾಗಿ ಕೊಳ್ಳುವುದಕ್ಕೆ ಅಡ್ಡಿಯಿಲ್ಲ. ವ್ಯವಹಾರದ ದಿನನಿತ್ಯಕ್ಕೆ ಅದು ಹೊಂದದು. ಬಡಾವಣೆಗೊಂದು ಮಿನಿಲ್ಯಾಬ್ ಇದ್ದ ಕಾಲ ಹೋಗಿದೆ. ತೊಳೆಯುವವರಿಲ್ಲದ ರೀಲಿನ ಗತಿಗೆ ಕೊಡಾಕ್ರೋಮ್ ನಿದರ್ಶನ: 1935ರಲ್ಲಿ ಬಂದ ಆ ಹೆಸರಾಂತ ಸ್ಲೈಡ್ ರೀಲಿನ ತಯಾರಿಕೆ 2009ರಲ್ಲಿ ನಿಂತಿತು. ಅಮೆರಿಕದ ಕಾನ್ಸಾಸ್‌ನಲ್ಲಿ ಅದನ್ನು ತೊಳೆಯುತ್ತಿದ್ದ ಜಗತ್ತಿನ ಕಡೆಯ ಪ್ರಯೋಗಶಾಲೆ 2010ರ ಕೊನೆಯಲ್ಲಿ ಹೊಸ ರೀಲು ಸ್ವೀಕರಿಸುವುದನ್ನು ನಿಲ್ಲಿಸಿದ ಮೇಲೆ, ಉಳಿದ ರೀಲುಗಳಲ್ಲಿ ಬಣ್ಣದ ಚಿತ್ರ ಪಡೆಯುವ ದಾರಿಯೇ ಮುಚ್ಚಿತು.

ಆದರೆ ಈಗಾಗಲೇ ತೊಳೆದಿರುವ ನೆಗೆಟಿವ್‌ಗಳು ಬೇರೆಯೇ ಆಸ್ತಿ. ಮೈಸೂರಿನ ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಅವರ ದಶಕಗಳ ಹಿಂದಿನ ಕಪ್ಪು ಬಿಳುಪು ಚಿತ್ರಗಳನ್ನು ನಾವು ಇಂದಿಗೂ ನೋಡುತ್ತಿರುವುದು ಅವುಗಳ ಮೂಲ ಉಳಿದುದರಿಂದ. ಅನೇಕ ಹಳೆಯ ಸಂಸ್ಥೆಗಳ ಅಟ್ಟದ ಮೇಲೆ ಮೊದಲ ಅಂಗಡಿಯ, ಹಳೆಯ ಲೇಬಲ್ಲುಗಳ, ಸ್ಥಾಪಕರ ಕಾಲದ ಯಂತ್ರಗಳ ನೆಗೆಟಿವ್‌ಗಳು ಬಿಸ್ಕತ್ತಿನ ಡಬ್ಬಿಗಳಲ್ಲಿ ಬಿದ್ದಿವೆ. ವ್ಯಾಪಾರಚಿಹ್ನೆಯ ತಕರಾರು ಬಂದರೆ, ಆ ಲೇಬಲ್ಲನ್ನು ಎಂದಿನಿಂದ ಬಳಸುತ್ತಿದ್ದೇವೆಂದು ತೋರಿಸಲು ಅವು ನೆರವಾಗಬಹುದು. ಮಳೆಗಾಲದ ತೇವಕ್ಕೆ ಅವುಗಳ ಮೇಲೆ ಬೂಷ್ಟು ಬೆಳೆಯುತ್ತದೆ. ಪಿ.ವಿ.ಸಿ. ಚೀಲಗಳಿಂದ ಬಿಡಿಸಿ, ಆಮ್ಲರಹಿತ ಕಾಗದದ ಲಕೋಟೆಗಳಿಗೆ ಹಾಕಿ, ಸಿಲಿಕಾ ಜೆಲ್ ಪೊಟ್ಟಣದೊಡನೆ ಒಣ ಕಪಾಟಿನಲ್ಲಿಡಬೇಕು. ಸ್ಕ್ಯಾನ್ ಮಾಡಿಸಿದ ಕಡತಗಳು ಎರಡು ಹಾರ್ಡ್ ಡಿಸ್ಕ್‌ಗಳಲ್ಲಿರಲಿ, ಒಂದು ಅಂಗಡಿಯಲ್ಲಿ, ಇನ್ನೊಂದು ಮನೆಯಲ್ಲಿ. ಪೆನ್‌ಡ್ರೈವ್ ಮತ್ತು ಸಿ.ಡಿ.ಗಳನ್ನು ವರ್ಷಗಟ್ಟಲೆ ನಂಬುವಂತಿಲ್ಲ. ಸ್ಕ್ಯಾನ್ ಆಯಿತೆಂದು ನೆಗೆಟಿವ್ ಎಸೆಯಬಾರದು. ಲಕೋಟೆಯ ಮೇಲೆ ವರ್ಷ, ಸ್ಥಳ, ಚಿತ್ರದಲ್ಲಿರುವವರ ಹೆಸರನ್ನು ಪೆನ್ಸಿಲಿನಲ್ಲಿ ಬರೆಯಬೇಕು. ಅವರನ್ನು ಗುರುತಿಸಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಈ ಕೆಲಸ ಆಗಬೇಕು.